ನರನೋವಿಗೆ ಬೆಚ್ಚನೆಯ ನೀರು: ಪಾದಸ್ನಾನವೋ, ಟಬ್ಬೋ, ಕೊಳವೋ?

ನರನೋವಿನಲ್ಲಿ ಒಂದು ವಿಚಿತ್ರವಿದೆ. ರಾತ್ರಿ ಹೊದಿಕೆಯ ಅಂಚು ತಾಗಿದರೂ ಚುರ್ರೆನ್ನುವ ಪಾದವನ್ನು ಸುಡುನೀರಿನಲ್ಲಿ ಇಳಿಬಿಟ್ಟರೆ ಅದಕ್ಕೆ ಬಿಸಿಯೇ ಗೊತ್ತಾಗದೆ ಹೋಗಬಹುದು. ಉರಿ ಇದೆ, ಅರಿವಿಲ್ಲ. ನೋವಿನ ಸುದ್ದಿ ಒಯ್ಯುವ ನರತಂತುಗಳೂ ಬಿಸಿ-ತಂಪಿನ ಸುದ್ದಿ ಒಯ್ಯುವ ತಂತುಗಳೂ ಒಂದೇ ಜಾತಿಯವು, ತೀರಾ ತೆಳ್ಳಗಿನವು. ಅವು ಕೆಟ್ಟಾಗ ಇಲ್ಲದ ಬೆಂಕಿಯನ್ನು ಇದೆ ಎನ್ನುತ್ತವೆ, ಇರುವ ಬೆಂಕಿಯ ಬಗ್ಗೆ ಬಾಯಿ ಬಿಡುವುದಿಲ್ಲ.

ಬೆಚ್ಚನೆಯ ನೀರಿನ ಉಪಚಾರ ಆರಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ನೀರು ಎಷ್ಟು ಬಿಸಿ ಇರಬೇಕು?’ ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಸೊಂಟದಿಂದ ಎಡಗಾಲಿಗೆ ಇಳಿಯುವ ಸಿಯಾಟಿಕಾ ನೋವಿಗೆ ತಿಂಗಳುಗಟ್ಟಲೆ ಟಬ್ಬಿನಲ್ಲಿ ಬಿಸಿನೀರು ತುಂಬಿಕೊಂಡು ಕೂತೆ. ತಡೆದುಕೊಳ್ಳಲು ಆಗುವಷ್ಟು ಬಿಸಿ, ಆಮೇಲೆ ಇನ್ನೂ ಸ್ವಲ್ಪ. ಎದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು, ನೋವು ಅರ್ಧ ಗಂಟೆ ಮರೆಯಾಗಿ ಮತ್ತೆ ಹಾಜರು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಎದೆಮಟ್ಟದ ಕೊಳಕ್ಕೆ ಇಳಿಸಿದರು. ಆ ನೀರು ಬಿಸಿ ಇರುವುದಿರಲಿ, ಬೆಚ್ಚಗೂ ಅನ್ನಿಸಲಿಲ್ಲ. ಇದೆಂಥ ಚಿಕಿತ್ಸೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ನೋಡಿದರೆ ಕುಂಟದೆ ನಡೆಯುತ್ತಿದ್ದೆ.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು: ಈ ಉಪಚಾರದಲ್ಲಿ ಬಿಸಿಯ ಪಾಲು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ, ಆಳದ ಪಾಲು ಹೆಚ್ಚು. ಯಾವ ವಿಧಾನ ನಿಮಗೆ ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಚರ್ಮಕ್ಕೆ ಎಷ್ಟು ಅರಿವು ಉಳಿದಿದೆ ಎಂಬ ಸಂಗತಿ. ಕೆಳಗಿನ ಹೋಲಿಕೆಯನ್ನೆಲ್ಲ ಆ ಕಣ್ಣಿನಿಂದಲೇ ಮಾಡಿದ್ದೇನೆ.

ನೀರು ಮಾಡುವ ಕೆಲಸ

ಮೊದಲನೆಯದು ಕಾವು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಅದಕ್ಕೇ 35 ಡಿಗ್ರಿ ಸೆಲ್ಸಿಯಸ್ ಗಾಳಿ ಸೆಖೆ ಅನ್ನಿಸಿದರೆ ಅಷ್ಟೇ ತಾಪದ ನೀರು ಏನೂ ಅನ್ನಿಸುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ನೋವಿಗೆ ಹೆದರಿ ಬಿಗಿಹಿಡಿದಿದ್ದ ಸ್ನಾಯುಗಳು ಸಡಿಲವಾಗುತ್ತವೆ. ಜೊತೆಗೆ ಮೈಯ ಮೇಲೆಲ್ಲ ನೀರು ಸವರುವ ಸ್ಪರ್ಶವಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ಗೇಟ್ ಕಂಟ್ರೋಲ್’ ಸಿದ್ಧಾಂತದ ಪ್ರಕಾರ, ಸ್ಪರ್ಶದ ಸುದ್ದಿ ತರುವ ದಪ್ಪ ನರತಂತುಗಳು ಚುರುಕಾದಾಗ ಬೆನ್ನುಹುರಿಯ ಬಾಗಿಲಲ್ಲಿ ನೋವಿನ ಸುದ್ದಿಗೆ ತಡೆ ಬೀಳುತ್ತದೆ. ಮೊಣಕಾಲು ಬಡಿದುಕೊಂಡಾಗ ಕೈ ತಾನಾಗಿ ಹೋಗಿ ಉಜ್ಜುವುದಿಲ್ಲವೇ, ಅದೇ ಲೆಕ್ಕ.

ಆದರೆ ಕಾವಿಗೂ ಒಂದು ಗೆರೆ ಇದೆ. ಮೆಣಸಿನಕಾಯಿಯ ಖಾರಕ್ಕೆ ಉರಿಯುವ ಗ್ರಾಹಕವೊಂದು ನಮ್ಮ ನರಗಳ ತುದಿಯಲ್ಲಿದೆ. ಹೆಸರು ಟಿಆರ್‌ಪಿವಿ1. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಗುರುತಿಸಿತು. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದಕ್ಕೆ ಈ ಕೆಲಸವೂ ಕಾರಣ. ಇದೇ ಗ್ರಾಹಕ ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಎಚ್ಚರಗೊಳ್ಳುತ್ತದೆ. ಉರಿಯೂತ ಇರುವ ಕಡೆ ಅದಕ್ಕಿಂತ ಕಡಿಮೆ ತಾಪಕ್ಕೇ ಏಳಬಲ್ಲದು. ಅಂದಮೇಲೆ ‘ಇನ್ನೂ ಸ್ವಲ್ಪ ಬಿಸಿ ಇರಲಿ’ ಎಂದು ನೀರು ಸೇರಿಸುವವರು ಯಾವ ನರವನ್ನು ಸುಮ್ಮನಾಗಿಸಲು ಹೊರಟಿದ್ದಾರೋ ಅದನ್ನೇ ಕೆಣಕುತ್ತಿರುತ್ತಾರೆ.

ಎರಡನೆಯದು ತೇಲುಗುಣ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವ ಭಾರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಕತ್ತಿನವರೆಗೆ ಇಳಿದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಬೆನ್ನುಮೂಳೆಯ ನಡುವೆ ಒತ್ತಿಹೋದ ನರಕ್ಕೆ ಇದಕ್ಕಿಂತ ದೊಡ್ಡ ಬಿಡುವು ನಿಂತ ನಿಲುವಿನಲ್ಲಿ ಬೇರೆಲ್ಲೂ ಸಿಗದು.

ಮೂರನೆಯದು ಒತ್ತಡ. 1.2 ಮೀಟರ್ ಆಳದಲ್ಲಿ ನೀರು ಕಾಲನ್ನು ಸುಮಾರು 88 ಮಿಲಿಮೀಟರ್ ಪಾದರಸದಷ್ಟು ಬಲದಿಂದ ಸುತ್ತಲಿಂದ ಒತ್ತುತ್ತದೆ. ಕಾಲಿಗೆ ಬಿಗಿಯಾದ ಕಾಲುಚೀಲ ಹಾಕಿದಂತೆ, ಬಾವು ಮೇಲಕ್ಕೆ ಸರಿಯುತ್ತದೆ. ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು: ಕತ್ತಿನವರೆಗೆ ಮುಳುಗಿದಾಗ ಕಾಲು-ಹೊಟ್ಟೆಯಲ್ಲಿದ್ದ ರಕ್ತದಲ್ಲಿ ಸುಮಾರು 700 ಮಿಲಿಲೀಟರ್ ಎದೆಯ ಕಡೆಗೆ ನುಗ್ಗುತ್ತದೆ. ಗಟ್ಟಿ ಹೃದಯ ಅದನ್ನು ಸಲೀಸಾಗಿ ನಿಭಾಯಿಸುತ್ತದೆ, ದಣಿದ ಹೃದಯಕ್ಕೆ ಕಷ್ಟ.

ಈ ಮೂರನ್ನು ಇಟ್ಟುಕೊಂಡು ನೋಡಿ. ಪಾದಸ್ನಾನದಲ್ಲಿ ಸಿಗುವುದು ಕಾವು ಮಾತ್ರ. ಶವರಿನಲ್ಲಿ ಕಾವು ಮತ್ತು ಸ್ಪರ್ಶ. ಟಬ್ಬಿನಲ್ಲಿ ಕಾವು ಪೂರ್ತಿ, ತೇಲುಗುಣ ಅರೆಬರೆ. ಮೂರೂ ಒಟ್ಟಿಗೆ ಸಿಗುವುದು ನಿಂತು ನಡೆಯುವಷ್ಟು ಆಳದ ಕೊಳದಲ್ಲಿ.

ನೀರಿಗೆ ಇಳಿಯುವ ಮೊದಲು ಬೆರಳುಗಳ ಪರೀಕ್ಷೆ

ವೈದ್ಯರ ಬಳಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇರುತ್ತದೆ. ಅದನ್ನು ಪಾದದ ಅಲ್ಲಲ್ಲಿ ಒತ್ತಿ ಸ್ಪರ್ಶ ನೋಡುತ್ತಾರೆ. ಮನೆಯಲ್ಲಿ ಅದಿಲ್ಲದಿದ್ದರೂ ‘ಇಪ್ಸ್‌ವಿಚ್ ಟಚ್ ಟೆಸ್ಟ್’ ಎಂಬ ಸರಳ ಪರೀಕ್ಷೆ ಇದೆ. ಕಣ್ಣು ಮುಚ್ಚಿ ಮಲಗಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ತಟ್ಟುವುದು, ಒತ್ತುವುದು, ಸವರುವುದು ಬೇಡ. ಆರರಲ್ಲಿ ಎರಡು ಅಥವಾ ಹೆಚ್ಚು ತಾಣಗಳಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಪಾದದ ಅರಿವು ಕುಗ್ಗಿದೆ ಎಂದು ಅರ್ಥ.

ಆರೂ ಸರಿಯಾಗಿ ಹೇಳಿದಿರಿ ಎಂದು ಬೀಗುವಂತಿಲ್ಲ. ಇದು ಸ್ಪರ್ಶದ ಪರೀಕ್ಷೆ. ತಾಪದ ಸುದ್ದಿ ತರುವ ತೆಳು ತಂತುಗಳು ಬೇರೆಯಾಗಿ, ಕೆಲವರಲ್ಲಿ ಮೊದಲೇ ಕೆಡಬಹುದು. ಆದ್ದರಿಂದ ಕೈ ಅದ್ದಿ, ಮೊಣಕೈ ಅದ್ದಿ ‘ಹದವಾಗಿದೆ’ ಎನ್ನುವುದನ್ನು ನರದ ತೊಂದರೆ ಇರುವವರು ಬಿಟ್ಟುಬಿಡುವುದು ಒಳ್ಳೆಯದು. ಕೈಗಳಲ್ಲೂ ಜೋಮು ಇದ್ದವರಿಗಂತೂ ಆ ಸಾಕ್ಷಿಯೇ ಸುಳ್ಳು. ನೀರಿನಲ್ಲಿ ಅದ್ದುವ ಥರ್ಮಾಮೀಟರ್ ಒಂದಿರಲಿ. ಕೂಸಿನ ಸ್ನಾನಕ್ಕೆ ಬಳಸುವಂಥದ್ದೂ ಆದೀತು.

ಥರ್ಮಾಮೀಟರಿನಲ್ಲಿ ಏನು ನೋಡಬೇಕು? 33ರಿಂದ 35 ಡಿಗ್ರಿ ಎಂದರೆ ಮೈಗೆ ಬಿಸಿಯೂ ಅಲ್ಲದ ತಂಪೂ ಅಲ್ಲದ ನೀರು. 36, 37 ಎಂದರೆ ಉಗುರುಬೆಚ್ಚಗೆ. 40 ಎಂದರೆ ಆರೋಗ್ಯವಂತರಿಗೂ ಗಡಿ ಎಂದಿಟ್ಟುಕೊಳ್ಳಿ. 49 ಡಿಗ್ರಿ ನೀರು ಸುಮಾರು ಐದು ನಿಮಿಷದಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು, 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಅರಿವಿರುವವರು ಅಷ್ಟರೊಳಗೆ ಕಾಲು ಎಳೆದುಕೊಳ್ಳುತ್ತಾರೆ. ಅರಿವಿಲ್ಲದವರು ಪುಸ್ತಕ ಓದುತ್ತಾ ಕೂತಿರುತ್ತಾರೆ.

ಪಾದಸ್ನಾನ: ಎಲ್ಲರಿಗೂ ಮೊದಲು ಹೊಳೆಯುವುದು, ಹಲವರಿಗೆ ಹೊಂದದ್ದು

ಪಾದ ಉರಿಯುತ್ತಿದೆ, ಪಾದವನ್ನೇ ನೀರಿನಲ್ಲಿಡೋಣ. ಯಾರಿಗಾದರೂ ತೋಚುವ ದಾರಿ ಇದು. ಕೊಳ ಹುಡುಕಬೇಕಿಲ್ಲ, ಬಟ್ಟೆ ಬದಲಿಸಬೇಕಿಲ್ಲ, ಕೂತಲ್ಲೇ ಆಗುತ್ತದೆ. ಆದರೆ ದೀರ್ಘಕಾಲದ ನರನೋವಿಗೆ ಬಹು ದೊಡ್ಡ ಕಾರಣ ಸಕ್ಕರೆ ಕಾಯಿಲೆ, ಮತ್ತು ಸಕ್ಕರೆ ಕಾಯಿಲೆಯ ಪಾದಗಳಿಗೆ ನೆನೆಸುವ ಅಭ್ಯಾಸ ಒಳ್ಳೆಯದಲ್ಲ. ಮಧುಮೇಹಿಗಳ ಪಾದದ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಪಾದ ತೊಳೆಯುವ ನೀರು 37 ಡಿಗ್ರಿಗಿಂತ ಕೆಳಗಿರಲಿ ಎನ್ನುತ್ತವೆ. ತೊಳೆಯುವುದಕ್ಕೂ ನೆನೆಸುವುದಕ್ಕೂ ವ್ಯತ್ಯಾಸವಿದೆ. ಬೆವರಿನಂಥ ತಾನಾಗಿ ನಡೆಯುವ ಕೆಲಸಗಳನ್ನು ನೋಡಿಕೊಳ್ಳುವ ಸ್ವನಿಯಂತ್ರಿತ ನರಗಳು ಕೆಟ್ಟ ಪಾದದಲ್ಲಿ ಬೆವರು ಮೊದಲೇ ಕಡಿಮೆ, ಚರ್ಮ ಒಣಕಲು. ಅದನ್ನು ಹೊತ್ತುಗಟ್ಟಲೆ ನೆನೆಸಿದರೆ ಇದ್ದ ಜಿಡ್ಡೂ ತೊಳೆದುಹೋಗಿ ಹಿಮ್ಮಡಿ ಬಿರಿಯುತ್ತದೆ, ಬೆರಳ ಸಂದು ಮೆತ್ತಗಾಗುತ್ತದೆ. ಬಿರುಕಿನಿಂದ ಸೋಂಕು, ಸೋಂಕಿನಿಂದ ಮಾಯದ ಹುಣ್ಣು. ಬೊಬ್ಬೆ ಎದ್ದದ್ದು ಗೊತ್ತಾಗುವುದು ಮರುದಿನ ಕಾಲುಚೀಲ ಒದ್ದೆಯಾದಾಗ.

ಆದ್ದರಿಂದ ಸಕ್ಕರೆ ಕಾಯಿಲೆಯ ಜೊತೆಗೆ ಪಾದ ಮರಗಟ್ಟಿದ್ದರೆ ಪಾದಸ್ನಾನವನ್ನು ಪಟ್ಟಿಯಿಂದಲೇ ತೆಗೆದುಬಿಡಿ ಎನ್ನುತ್ತೇನೆ. ಇದರಲ್ಲಿ ನಡುವಿನ ದಾರಿ ಹುಡುಕುವುದು ಬೇಡ. ಕೀಮೋಥೆರಪಿಯ ನಂತರ ಬೆರಳುಗಳು ಜುಮ್ಮೆನ್ನುವವರೂ ಅರಿವಿನ ಪರೀಕ್ಷೆ ಆಗದೆ ಇದಕ್ಕೆ ಇಳಿಯಬಾರದು.

ಯಾರಿಗೆ ಹೊಂದುತ್ತದೆ? ಅರಿವು ಪೂರ್ತಿ ಇದ್ದು, ಚರ್ಮ ಗಟ್ಟಿಯಾಗಿದ್ದು, ದಿನದ ಕೊನೆಗೆ ಪಾದ ಸೆಟೆದುಕೊಳ್ಳುವವರಿಗೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯವರು ಕೈಯನ್ನು ಹೀಗೆ ಇಟ್ಟುಕೊಂಡು ಬೆರಳು ಮಡಚಿ ಬಿಡಿಸಿದರೆ ಬೆಳಗಿನ ಬಿಗಿತ ಸಡಿಲವಾಗುತ್ತದೆ. ಒತ್ತಿದ ನರವನ್ನು ಬಿಡಿಸುವ ಕೆಲಸ ಮಾತ್ರ ನೀರಿನಿಂದ ಆಗದು. ಏನಿದ್ದರೂ 36-37 ಡಿಗ್ರಿ, ಹತ್ತು ನಿಮಿಷ, ಒರೆಸುವಾಗ ಬೆರಳ ಸಂದು ಪೂರ್ತಿ ಒಣಗಬೇಕು, ಆಮೇಲೆ ಮುಲಾಮು. ಮುಲಾಮನ್ನು ಸಂದಿಗೆ ಹಚ್ಚಬೇಡಿ.

ಎಪ್ಸಮ್ ಉಪ್ಪಿನ ವಿಷಯ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದು ಮೆಗ್ನೀಸಿಯಮ್ ಸಲ್ಫೇಟ್. ಚರ್ಮದ ಮೂಲಕ ಮೆಗ್ನೀಸಿಯಮ್ ಒಳಗಿಳಿದು ನರವನ್ನು ಶಮನಗೊಳಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಾಕಿದರೆ ಹಿತ ಅನ್ನಿಸುವುದಾದರೆ ಅಡ್ಡಿಯಿಲ್ಲ, ಬಿರಿದ ಚರ್ಮಕ್ಕೆ ಮಾತ್ರ ಬೇಡ. ಕಂಪಿಸುವ, ಗುಳ್ಳೆ ಎಬ್ಬಿಸುವ ಪಾದಸ್ನಾನದ ಯಂತ್ರಗಳೂ ಹಾಗೆಯೇ: ಅರಿವು ಇದ್ದವರಿಗೆ ಹಿತ, ಮುಟ್ಟಿದರೆ ಉರಿಯುವವರಿಗೆ ಹಿಂಸೆ.

ಟಬ್ಬಿನ ಸ್ನಾನ: ರಾತ್ರಿಯ ನೋವಿಗೆ

ನರನೋವು ರಾತ್ರಿ ಹೆಡೆ ಎತ್ತುತ್ತದೆ. ಹಗಲಿನ ಗದ್ದಲ ಅಡಗಿದ ಮೇಲೆ ಮೆದುಳಿಗೆ ಬೇರೆ ಸುದ್ದಿಯಿಲ್ಲ, ಇದೊಂದೇ ಕೇಳುತ್ತದೆ. ನಿದ್ದೆ ಕೆಟ್ಟರೆ ಮರುದಿನದ ನೋವು ಇನ್ನೂ ಜಾಸ್ತಿ. ಟಬ್ಬಿನ ಸ್ನಾನ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಮಲಗುವ ಒಂದೆರಡು ಗಂಟೆ ಮೊದಲು ಹತ್ತು ಹದಿನೈದು ನಿಮಿಷ ಬೆಚ್ಚನೆಯ ನೀರಿನಲ್ಲಿದ್ದರೆ ಕೈಕಾಲಿನ ರಕ್ತನಾಳ ಹಿಗ್ಗಿ ಮೈಯ ಒಳಶಾಖ ಹೊರಗೆ ಹೋಗುತ್ತದೆ. ಒಳಶಾಖ ಇಳಿಯುವುದೇ ನಿದ್ದೆಗೆ ಕರೆ. ಸ್ನಾನ ಮುಗಿಸಿ ನೇರ ಹಾಸಿಗೆಗೆ ಬಿದ್ದರೆ ಈ ಲಾಭ ಸಿಗದು, ನಡುವೆ ಆ ಒಂದು ಗಂಟೆ ಬೇಕು. ನರದ ತೊಂದರೆ ಇರುವವರಿಗೆ 37-38 ಡಿಗ್ರಿ ಸಾಕು, ಅರಿವು ಕುಗ್ಗಿದವರಿಗೆ 37ರ ಒಳಗೆ.

ಸಿಯಾಟಿಕಾದವರಿಗೆ ಒಂದು ಕಿವಿಮಾತು, ನಾನು ತಡವಾಗಿ ಕಲಿತದ್ದು. ಟಬ್ಬಿನಲ್ಲಿ ಕಾಲು ನೀಡಿ ನೇರ ಕೂತರೆ ಸಿಯಾಟಿಕ್ ನರ ಹುರಿಯಂತೆ ಎಳೆದುಕೊಳ್ಳುತ್ತದೆ. ವೈದ್ಯರು ಕಾಲು ನೇರ ಎತ್ತಿಸಿ ನೋವು ಬರುತ್ತದೆಯೇ ಎಂದು ನೋಡುವುದೂ ಇದೇ ಎಳೆತವನ್ನು. ಬಿಸಿನೀರು ಅತ್ತ ಸಡಿಲಿಸುತ್ತಿದ್ದರೆ ಕೂತ ಭಂಗಿ ಇತ್ತ ಎಳೆಯುತ್ತಿರುತ್ತದೆ. ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಬೆನ್ನು ಒರಗಿಸಿ ಕೂರಿ.

ಟಬ್ಬಿನ ಅಪಾಯ ನೀರಿನಲ್ಲಿಲ್ಲ, ಅಂಚಿನಲ್ಲಿದೆ. ಮರಗಟ್ಟಿದ ಪಾದ, ಜಾರುವ ನೆಲ, ಮೇಲಾಗಿ ಬಿಸಿಗೆ ಹಿಗ್ಗಿದ ರಕ್ತನಾಳ. ಎದ್ದು ನಿಂತ ಕ್ಷಣ ರಕ್ತದೊತ್ತಡ ಕುಸಿಯುತ್ತದೆ. ನೀರು ಪೂರ್ತಿ ಖಾಲಿ ಮಾಡಿ, ಒಂದೆರಡು ನಿಮಿಷ ಕೂತೇ ಇದ್ದು, ಹಿಡಿಕೆ ಹಿಡಿದು ಏಳಿ. ಹಿಡಿಕೆ ಇಲ್ಲದ ಟಬ್ಬಿನಲ್ಲಿ ಒಬ್ಬರೇ ಇಳಿಯುವ ಸಾಹಸ ಬೇಡ.

ಶವರ್: ನೋವು ಯಾವ ಜಾತಿಯದು ಎಂಬುದರ ಮೇಲೆ

ಕತ್ತಿನಿಂದ ತೋಳಿಗೆ, ಸೊಂಟದಿಂದ ತೊಡೆಗೆ ಇಳಿಯುವ ನೋವಿಗೆ ಬೆನ್ನಿಗೆ ಬೀಳುವ ಬೆಚ್ಚನೆಯ ಧಾರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಸರೆಯ ಸ್ಟೂಲ್ ಹಾಕಿಕೊಂಡರೆ ಟಬ್ಬಿಗಿಂತ ಬೀಳುವ ಭಯ ಕಡಿಮೆ. ಆದರೆ ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿನಂಥ, ಬಟ್ಟೆ ಸೋಕಿದರೂ ತಡೆಯಲಾಗದ ಚರ್ಮಕ್ಕೆ ಶವರಿನ ಪ್ರತಿ ಹನಿಯೂ ಸೂಜಿ. ಅಂಥವರು ‘ನೀರೇ ನನಗೆ ಆಗಿಬರುವುದಿಲ್ಲ’ ಎಂದು ಕೈಬಿಡುವುದುಂಟು. ಆಗಿಬರದಿದ್ದದ್ದು ನೀರಿನ ಹೊಡೆತ. ಅದೇ ಚರ್ಮವನ್ನು ನಿಂತ ನೀರಿನಲ್ಲಿ ನಿಧಾನವಾಗಿ ಮುಳುಗಿಸಿದರೆ ಎಲ್ಲ ಕಡೆಯಿಂದ ಒಂದೇ ಸಮನಾದ ಒತ್ತು ಬೀಳುವುದರಿಂದ ಕೆಲವರಿಗೆ ಹಾಯೆನಿಸುತ್ತದೆ. ಒಮ್ಮೆ ಪ್ರಯತ್ನಿಸಿ ನೋಡದೆ ಬಿಡಬೇಡಿ.

ಬೆಚ್ಚನೆಯ ಕೊಳ: ನನ್ನ ಮೊದಲ ಆಯ್ಕೆ

ಚಿಕಿತ್ಸೆಗೆಂದೇ ಇರುವ ಕೊಳಗಳ ನೀರು ಸಾಮಾನ್ಯವಾಗಿ 33ರಿಂದ 36 ಡಿಗ್ರಿ. ಈಜುವವರ ಕೊಳ 26-28ರ ಆಸುಪಾಸು. ಈ ಏಳೆಂಟು ಡಿಗ್ರಿಯ ವ್ಯತ್ಯಾಸದಲ್ಲೇ ಎಲ್ಲವೂ ಇದೆ. ತಣ್ಣೀರಿನಲ್ಲಿ ಮೆಲ್ಲಗೆ ನಡೆಯುವವರ ಮೈ ಕೆಲವೇ ನಿಮಿಷದಲ್ಲಿ ಬಿಗಿದುಕೊಳ್ಳುತ್ತದೆ, ತಂಪಿಗೆ ಕೆರಳುವ ನರನೋವಿದ್ದರೆ ಮುಗಿದೇಹೋಯಿತು. ‘ನಮ್ಮ ಕೊಳ ಬೆಚ್ಚಗಿದೆ’ ಎಂಬ ಮಾತು ಸಾಲದು, ಅಂಕಿ ಕೇಳಿ.

ಒಳಗೆ ಮಾಡುವುದೇನು? ಈಜು ಬರಬೇಕಿಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಮುಂದಕ್ಕೆ, ಹಿಂದಕ್ಕೆ, ಅಡ್ಡಡ್ಡ ನಡೆಯುವುದು. ಒಂಟಿಕಾಲಿನಲ್ಲಿ ನಿಲ್ಲುವುದು. ಹಿಮ್ಮಡಿ ಎತ್ತಿ ಇಳಿಸುವುದು. ನೆಲದ ಮೇಲೆ ಇದನ್ನೇ ಮಾಡಹೋದರೆ ಅರಿವಿಲ್ಲದ ಪಾದ ಎಡವಿ ಒಂದು ಸೆಕೆಂಡಿನಲ್ಲಿ ಬಿದ್ದಿರುತ್ತೀರಿ. ನೀರಿನಲ್ಲಿ ಬೀಳುವುದಕ್ಕೂ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮೈ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಕಲಿಯುತ್ತದೆ. ನರನೋವಿನವರು ನೋವಿಗಿಂತ ಹೆಚ್ಚಾಗಿ ಕಳೆದುಕೊಳ್ಳುವುದು ನಡಿಗೆಯ ಧೈರ್ಯ. ಅದು ತಿರುಗಿ ಬರುವುದು ಟಬ್ಬಿನಲ್ಲಲ್ಲ.

ಪುರಾವೆಯ ಮಾತಿಗೆ ಬಂದರೆ ಕೊಂಚ ತಗ್ಗಿ ಮಾತಾಡಬೇಕು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಕುರಿತ 2014ರ ಕಾಕ್ರೇನ್ ಪರಿಶೀಲನೆ (ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ವರದಿ) ನೀರಿನ ವ್ಯಾಯಾಮದಿಂದ ನೋವು, ಬಿಗಿತ, ದೈಹಿಕ ಸಾಮರ್ಥ್ಯಗಳಲ್ಲಿ ಸುಧಾರಣೆ ಕಂಡಿತು, ಪುರಾವೆಯ ಗುಣಮಟ್ಟ ಕಡಿಮೆಯಿಂದ ಮಧ್ಯಮ ಎಂದೂ ಹೇಳಿತು. ಅಪ್ಪಟ ನರನೋವಿನ ಮೇಲೆ ನಡೆದ ಅಧ್ಯಯನಗಳು ಅದಕ್ಕಿಂತ ಕಡಿಮೆ ಮತ್ತು ಚಿಕ್ಕವು. ನರನೋವಿಗೆ ಕೊಡುವ ಮಾತ್ರೆಗಳಾದ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್‌ಗಳ ಜಾಗಕ್ಕೆ ನೀರು ಬರುವುದಿಲ್ಲ. ಅವುಗಳ ಜೊತೆ ನಿಲ್ಲುತ್ತದೆ. ಕೆಟ್ಟ ನರವನ್ನು ಅದು ಮತ್ತೆ ಬೆಳೆಸುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಶುರುವಿನಲ್ಲಿ ಹತ್ತು ಹದಿನೈದು ನಿಮಿಷ, ಮೈ ಒಗ್ಗಿದ ಮೇಲೆ ಅರ್ಧ ಗಂಟೆ, ವಾರಕ್ಕೆ ಎರಡು ಮೂರು ಸಲ. ಮೊದಲ ವಾರದ ಸುಸ್ತು ನೋಡಿ ಬಿಟ್ಟುಬಿಡಬೇಡಿ. ಆರೆಂಟು ವಾರ ಕೊಟ್ಟು ಆಮೇಲೆ ತೀರ್ಪು ಹೇಳಿ. ಪಾದಕ್ಕೆ ನೀರಿನಲ್ಲಿ ಹಾಕುವ ಶೂ ಬೇಕೇ ಬೇಕು. ಕೊಳದ ತಳದ ಒರಟು ಹಾಸುಗಲ್ಲು ಮರಗಟ್ಟಿದ ಪಾದದ ಚರ್ಮವನ್ನು ಗೊತ್ತಿಲ್ಲದಂತೆ ಉಜ್ಜಿಹಾಕುತ್ತದೆ.

ತೆರೆದ ಗಾಯ, ಚರ್ಮದ ಸೋಂಕು, ಜ್ವರ, ಹತೋಟಿಗೆ ಬಾರದ ಮೂರ್ಛೆರೋಗ, ಸ್ಥಿರವಿಲ್ಲದ ಎದೆನೋವು ಅಥವಾ ಹೃದಯ ವೈಫಲ್ಯ, ಕಾಲಿನಲ್ಲಿ ಹೊಸದಾಗಿ ಕಂಡ ರಕ್ತಹೆಪ್ಪು: ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಹೂಂ ಎನ್ನುವವರೆಗೆ ಕೊಳ ದೂರವಿರಲಿ.

ಉಳಿದವು

ಹಾಟ್ ಟಬ್‌ಗಳ ಮಾತು ಚುಟುಕಾಗಿ. 40 ಡಿಗ್ರಿಯೇ ಅವುಗಳ ಮೇಲ್ಮಿತಿ, ಅರಿವು ಕುಗ್ಗಿದವರಿಗೆ ಅದೂ ಹೆಚ್ಚು. ಚಿಮ್ಮುವ ಧಾರೆ ಬಿಗಿದ ಬೆನ್ನಿಗೆ ಸುಖ, ಉರಿಯುವ ಚರ್ಮಕ್ಕೆ ಅಲ್ಲ. ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಬೇಗ ಕರಗಿಹೋಗುವುದರಿಂದ ನಿರ್ವಹಣೆ ಸಡಿಲವಾದರೆ ಸ್ಯೂಡೋಮೊನಾಸ್, ಲೀಜನೆಲ್ಲಾದಂಥ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ಗರ್ಭಿಣಿಯರಿಗೆ ಬೇಡ, ಮದ್ಯ ಕುಡಿದವರಿಗಂತೂ ಬೇಡವೇ ಬೇಡ.

ಬಿಸಿ, ತಣ್ಣನೆ ನೀರಿನಲ್ಲಿ ಸರದಿಯಂತೆ ಅದ್ದುವ ವಿಧಾನ ಉಳುಕಿಗೆ ಚಲಾವಣೆಯಲ್ಲಿದೆ. ಕೆಟ್ಟ ನರಕ್ಕೆ ಎರಡು ತುದಿಗಳ ತಾಪವೂ ಕಿರಿಕಿರಿ. ನಾನು ಶಿಫಾರಸು ಮಾಡುವುದಿಲ್ಲ. ಬಿಸಿನೀರಿನ ಚೀಲದಿಂದ ಕಾವು ಕೊಡುವುದು ಅರಿವಿರುವ ಸೊಂಟಕ್ಕೆ, ಬಟ್ಟೆ ಸುತ್ತಿ, ಸರಿ. ಮರಗಟ್ಟಿದ ಪಾದದ ಬಳಿ ಅದನ್ನಿಟ್ಟುಕೊಂಡು ನಿದ್ದೆಹೋದವರು ಸುಟ್ಟ ಗಾಯದೊಂದಿಗೆ ಎದ್ದ ಪ್ರಸಂಗಗಳು ವೈದ್ಯರಿಗೆ ಚೆನ್ನಾಗಿ ಗೊತ್ತು.

ಕಾಯಿಲೆ ಬದಲಾದರೆ ಉತ್ತರವೂ ಬದಲು

ಮೆದುಳು-ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರಿಗೆ ಮೇಲೆ ಹೇಳಿದ್ದೆಲ್ಲ ತಿರುಗುಮುರುಗು. ಮೈ ಬಿಸಿಯಾದರೆ ಅವರ ದೃಷ್ಟಿ ಮಂಜಾಗಬಹುದು, ಕಾಲು ಸೋಲಬಹುದು. 1890ರಲ್ಲಿ ವಿಲ್ಹೆಲ್ಮ್ ಊಟ್‌ಹಾಫ್ ಗಮನಿಸಿದ ಈ ಸಂಗತಿಗೆ ಅವರ ಹೆಸರೇ ಉಳಿದಿದೆ. ಮೈ ತಣ್ಣಗಾದರೆ ಮೊದಲಿನಂತಾಗುತ್ತದೆ, ಆದರೆ ನೀರಿನ ನಡುವೆ ಕಾಲು ಸೋಲುವುದು ಸಣ್ಣ ಮಾತಲ್ಲ. ಅವರಿಗೆ 27-29 ಡಿಗ್ರಿಯ ಕೊಳವೇ ಹಿತ. ಬೇರೆಯವರಿಗೆ ನಾನು ಬೇಡವೆಂದ ಅದೇ ತಂಪು ಕೊಳ.

ಎರಿತ್ರೊಮೆಲಾಲ್ಜಿಯಾ ಎಂಬ ಅಪರೂಪದ ತೊಂದರೆಯಲ್ಲಿ ಪಾದ ಕೆಂಪಗಾಗಿ ಉರಿಯುತ್ತದೆ, ಕಾವೇ ಅದರ ಕಿಡಿ. ಅವರಿಗೆ ಬೆಚ್ಚನೆಯ ನೀರು ಶತ್ರು. ಹಾಗೆಂದು ಮಂಜುಗಡ್ಡೆಯ ನೀರಿನಲ್ಲಿ ಗಂಟೆಗಟ್ಟಲೆ ಕಾಲಿಟ್ಟುಕೊಳ್ಳುವುದೂ ಚರ್ಮವನ್ನು ಹಾಳುಮಾಡುತ್ತದೆ. ಪೆಟ್ಟಿನ ನಂತರ ಒಂದು ಕೈಯೋ ಕಾಲೋ ಊದಿ, ಬಣ್ಣ ಬದಲಿಸಿ, ಮುಟ್ಟಿಸಿಕೊಳ್ಳದಂತಾಗುವ ಸಿಆರ್‌ಪಿಎಸ್‌ನಲ್ಲಿ ಉಗುರುಬೆಚ್ಚಗಿನ ನೀರು ಸ್ಪರ್ಶಕ್ಕೆ ಮತ್ತೆ ಒಗ್ಗಿಸುವ ಸಾಧನವಾಗಬಲ್ಲದು, ಆದರೆ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರಬೇಕು. ಸರ್ಪಸುತ್ತಿನ ಗುಳ್ಳೆಗಳು ಹಸಿಯಾಗಿದ್ದಾಗ ಹಂಚಿಕೊಳ್ಳುವ ಕೊಳಕ್ಕೆ ಹೋಗಬಾರದು, ಎಲ್ಲವೂ ಹಕ್ಕಳೆ ಕಟ್ಟಿದ ಮೇಲೆ ಆಗಬಹುದು. ಕೀಮೋಥೆರಪಿ ನಡೆಯುತ್ತಿದ್ದು ಬಿಳಿರಕ್ತಕಣ ಇಳಿದಿರುವಾಗಲೂ, ಎದೆಯಲ್ಲೋ ತೋಳಲ್ಲೋ ಔಷಧಿಯ ನಳಿಕೆ ಹೊರಗಿರುವಾಗಲೂ ಕೊಳ ಬೇಡ.

ಸಿಯಾಟಿಕಾ ನೋವಿನ ಜೊತೆ ತೊಡೆಸಂದಿಯ ಸುತ್ತ ಮರಗಟ್ಟುವುದು, ಮೂತ್ರ-ಮಲದ ಹಿಡಿತ ತಪ್ಪುವುದು, ಕಾಲು ದಿನದಿಂದ ದಿನಕ್ಕೆ ಸೋಲುವುದು ಕಂಡರೆ ನೀರು, ಕೊಳದ ಯೋಚನೆ ಬಿಟ್ಟು ಆ ಗಂಟೆಯೇ ಆಸ್ಪತ್ರೆಗೆ ಓಡಬೇಕು.

ಮಾತ್ರೆ, ಪಟ್ಟಿ, ಇಂಜೆಕ್ಷನ್

ನೋವು ತಗ್ಗಿಸಲು ಚರ್ಮಕ್ಕೆ ಫೆಂಟನಿಲ್ ಔಷಧಿಯ ಪಟ್ಟಿ ಅಂಟಿಸಿಕೊಂಡವರು ಬಿಸಿನೀರಿಗೆ ಇಳಿಯಲೇಬಾರದು. ಕಾವಿಗೆ ಔಷಧಿ ಪಟ್ಟಿಯಿಂದ ಮೈಗೆ ಧಾವಿಸುತ್ತದೆ, ಉಸಿರೇ ನಿಧಾನವಾಗುವ ಮಟ್ಟಕ್ಕೆ ಹೋಗಬಹುದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿನ ಸ್ನಾನ ಮಾಡಿದರೆ ಅದೂ ಬೇಗ ಹೀರಿಕೊಂಡು ಸಕ್ಕರೆ ಥಟ್ಟನೆ ಇಳಿಯಬಹುದು. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ಒತ್ತಡ ಕುಸಿಯುವ ಒಲವು ಮೊದಲೇ ಇರುತ್ತದೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ತಲೆ ತೂಗಿಸುತ್ತವೆ. ಬೆಚ್ಚನೆಯ ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮೆಣಸಿನ ಸಾರದ ಕ್ಯಾಪ್ಸೈಸಿನ್ ಮುಲಾಮು ಹಚ್ಚುವವರು ಸ್ನಾನಕ್ಕೂ ಅದಕ್ಕೂ ನಡುವೆ ಸಾಕಷ್ಟು ಬಿಡುವು ಕೊಡಿ. ಒಮ್ಮೆ ಮರೆತವರು ಎರಡನೆಯ ಸಲ ಮರೆಯುವುದಿಲ್ಲ.

ಆರಿಸಿಕೊಂಡ ಮೇಲೆ

ಒಂದೇ ವಿಧಾನ ಹಿಡಿಯಿರಿ. ಹೊಸ ಮಾತ್ರೆ, ಹೊಸ ಚಪ್ಪಲಿ, ಹೊಸ ಕೊಳ ಎಲ್ಲ ಒಂದೇ ವಾರ ಶುರುವಾದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ನೀರಿಗೆ ಇಳಿಯುವ ಮೊದಲು, ಹೊರಬಂದ ಒಂದು ಗಂಟೆಗೆ, ಮರುದಿನ ಬೆಳಗ್ಗೆ: ಮೂರು ಸಲ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆದಿಡಿ. ಮೂರನೆಯ ಅಂಕವೇ ಮುಖ್ಯ. ಒಂದು ಗಂಟೆಯಲ್ಲಿ ಇಳಿದು ಬೆಳಗ್ಗೆ ಏರುತ್ತಿದ್ದರೆ ನೀರು ಹೆಚ್ಚು ಬಿಸಿ ಅಥವಾ ಹೊತ್ತು ಹೆಚ್ಚು. ಮೊದಲು ಹೊತ್ತು ಕಡಿಮೆ ಮಾಡಿ, ಆಮೇಲೆ ತಾಪ. ಎಷ್ಟು ಗಂಟೆ ನಿದ್ದೆ ಬಂತು ಎಂದೂ ಬರೆಯಿರಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನೋವಿನ ಅಂಕ ಅಲುಗಾಡುವ ಎಷ್ಟೋ ಮೊದಲೇ ನಿದ್ದೆಯ ಗಂಟೆ ಏರಿತ್ತು.

ಕೊಳಕ್ಕೆ ಹೋಗುವುದಾದರೆ ಮೊದಲೇ ಕೇಳಬೇಕಾದವು: ನೀರಿನ ತಾಪ ಎಷ್ಟು, ಎಲ್ಲಿ ಎಷ್ಟು ಆಳ, ಇಳಿಯಲು ಏಣಿಯೋ ಇಳಿಜಾರೋ, ಕಂಬಿ ಸುತ್ತಲೂ ಇದೆಯೇ, ನೀರಿನಲ್ಲಿ ಜೊತೆಗೆ ಯಾರಿರುತ್ತಾರೆ. ಮರಗಟ್ಟಿದ ಪಾದದವರಿಗೆ ನೇರ ಏಣಿ ಕಷ್ಟ, ಮೆಟ್ಟಿಲು ಅಥವಾ ಇಳಿಜಾರು ಇರುವ ಕೊಳ ಸ್ವಲ್ಪ ದೂರವಾದರೂ ಅದೇ ವಾಸಿ. ಚೀಲದಲ್ಲಿ ಟವೆಲ್ ಜೊತೆ ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳಿ. ಹೊರಬಂದು ಕೂತು, ಒರೆಸಿ, ಶೂ ಹಾಕುವ ಮೊದಲು ಅಂಗಾಲನ್ನೂ ಬೆರಳ ಸಂದುಗಳನ್ನೂ ಅದರಲ್ಲಿ ನೋಡಿ. ಕೆಂಪು, ಗುಳ್ಳೆ, ತರಚು ಏನಾದರೂ ಕಂಡರೆ ಅದು ಮಾಯುವವರೆಗೆ ನೀರಿಗೆ ರಜೆ.